ಇಟ್ಟ ಕುಕಿ ಸಿಗದು, ಅಳಿಸಿದ ಕುಕಿ ಹೋಗದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಸರ್ವರ್ ಬದಿಯ ವೆಬ್ ಪ್ರೋಗ್ರಾಮಿಂಗ್ ಬಗ್ಗೆ ಬಂದ ಪತ್ರಗಳಲ್ಲಿ ಕುಕಿಯ, ಅಂದರೆ ಜಾಲತಾಣ ಬ್ರೌಸರಿನಲ್ಲಿ ಇಡಿಸುವ ಪುಟ್ಟ ಮಾಹಿತಿಯ, ತಕರಾರುಗಳೇ ಹೆಚ್ಚಿದ್ದವು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಬರೆದವರಲ್ಲಿ ಪಿಎಚ್‌ಪಿ ಬಳಸುವವರೇ ಹೆಚ್ಚು. ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ‘ನೋಡ್’ ಬಳಸುವವರಿಗೂ ಒಂದು ಉತ್ತರ ಇದೆ.

ಪ್ರಶ್ನೆ: ಪಿಎಚ್‌ಪಿಯಲ್ಲಿ ಸೆಟ್‌ಕುಕಿ ಫಂಕ್ಷನ್ ಕರೆದು, ಮರುಸಾಲಿನಲ್ಲೇ ಕುಕಿ ಅರೇಯನ್ನು ಪ್ರಿಂಟ್ ಮಾಡಿದರೆ ಖಾಲಿ ಬರುತ್ತದೆ. ರಿಫ್ರೆಶ್ ಮಾಡಿದರೆ ಮಾತ್ರ ಕಾಣುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಹೇಗೋ ನಡೆಯುತ್ತಿತ್ತು. ಹೋಸ್ಟಿಂಗ್‌ಗೆ ಏರಿಸಿದ ಮೇಲೆ ‘ಹೆಡರ್ಸ್ ಆಲ್ರೆಡಿ ಸೆಂಟ್’ ಎಂಬ ಎಚ್ಚರಿಕೆಯೂ ಶುರುವಾಗಿದೆ.
(ಡಿಪ್ಲೊಮಾ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಎರಡಕ್ಕೂ ಮೂಲ ಒಂದೇ. ಸೆಟ್‌ಕುಕಿ ಯಾವುದನ್ನೂ ಎಲ್ಲಿಯೂ ಬರೆದಿಡುವುದಿಲ್ಲ. ಸರ್ವರ್ ಕಳಿಸುವ ರೆಸ್ಪಾನ್ಸಿನ (ಉತ್ತರದ) ಹೆಡರಿಗೆ, ಅಂದರೆ ಪುಟಕ್ಕೂ ಮುಂಚೆ ಹೋಗುವ ವಿವರದ ಸಾಲುಗಳಿಗೆ, ‘ಈ ಹೆಸರಿನಲ್ಲಿ ಇದನ್ನು ಇಟ್ಟುಕೋ’ ಎಂಬ ಒಂದು ಸಾಲು ಸೇರಿಸುತ್ತದೆ, ಅಷ್ಟೇ. ಇಟ್ಟುಕೊಳ್ಳುವುದು ಬಿಡುವುದು ಬ್ರೌಸರಿಗೆ ಸೇರಿದ್ದು. ಇಟ್ಟುಕೊಂಡರೆ ಮುಂದಿನ ರಿಕ್ವೆಸ್ಟಿನಲ್ಲಿ ವಾಪಸ್ ಕಳಿಸುತ್ತದೆ. ಕುಕಿ ಅರೇ ತುಂಬುವುದು ರಿಕ್ವೆಸ್ಟ್ ಶುರುವಾಗುವಾಗ, ಬ್ರೌಸರ್ ಆಗ ತಂದದ್ದರಿಂದ. ಮೊದಲ ಸಲ ಅದು ಏನನ್ನೂ ತಂದಿರುವುದಿಲ್ಲ. ನೆಟ್‌ಸ್ಕೇಪಿನ ಲೂ ಮಾಂಟುಲಿ 1994ರಲ್ಲಿ ಕುಕಿಯನ್ನು ರೂಪಿಸಿದಾಗಿನಿಂದ ಈ ಕ್ರಮ ಬದಲಾಗಿಲ್ಲ.

ಆ ವ್ಯಾಲ್ಯೂ ಅದೇ ಪುಟದಲ್ಲಿ ಬೇಕಿದ್ದರೆ ಸಾಮಾನ್ಯ ವೇರಿಯೇಬಲ್‌ನಲ್ಲಿಟ್ಟುಕೊಂಡು ಬಳಸಿ. ಕೆಲವರು ಕುಕಿ ಅರೇಗೇ ಕೈಯಿಂದ ತುಂಬುತ್ತಾರೆ. ಕೆಲಸ ನಡೆಯುತ್ತದೆ ನಿಜ, ಆದರೆ ಬ್ರೌಸರ್ ಕುಕಿಯನ್ನು ಒಪ್ಪಿತೋ ಇಲ್ಲವೋ ಎಂಬುದು ಆಮೇಲೆ ತಿಳಿಯುವುದಿಲ್ಲ.

ಎಚ್ಚರಿಕೆಯ ವಿಷಯ: ಹೆಡರ್ ಯಾವಾಗಲೂ ಪುಟದ ಒಡಲಿಗಿಂತ ಮುಂಚೆ ಹೊರಡಬೇಕು. ಒಂದೇ ಒಂದು ಅಕ್ಷರ ಮೊದಲೇ ಹೊರಬಿದ್ದರೂ ಹೆಡರಿನ ಬಾಗಿಲು ಮುಚ್ಚಿತು. ಕಣ್ಣಿಗೆ ಕಾಣುವ ಎಕೋ ಸಾಲಿಗಿಂತ ಕಾಣದವುಗಳದ್ದೇ ಕಾಟ ಹೆಚ್ಚು: ಪಿಎಚ್‌ಪಿ ಟ್ಯಾಗ್ ತೆರೆಯುವ ಮುನ್ನ ಉಳಿದ ಖಾಲಿ ಸಾಲು, ಇನ್‌ಕ್ಲೂಡ್ ಕಡತದ ಕೊನೆಯ ಮುಚ್ಚುವ ಟ್ಯಾಗ್‌ನ ನಂತರದ ಸ್ಪೇಸ್, ಎಡಿಟರ್ ಕಡತದ ತಲೆಗೆ ಸೇರಿಸಿದ 3 ಬೈಟ್‌ಗಳ ಬಿಒಎಂ, ಅಂದರೆ ಕಡತದ ಅಕ್ಷರ ಸಂಕೇತ ಯಾವುದೆಂದು ತಿಳಿಸುವ ಗುರುತು. ಎಚ್ಚರಿಕೆಯ ಸಂದೇಶವನ್ನು ಪೂರ್ತಿ ಓದಿ. ಔಟ್‌ಪುಟ್ ಯಾವ ಕಡತದ ಎಷ್ಟನೇ ಸಾಲಿನಲ್ಲಿ ಶುರುವಾಯಿತು ಎಂಬುದು ಅದರಲ್ಲೇ ಇರುತ್ತದೆ. ಕೇವಲ ಪಿಎಚ್‌ಪಿ ಇರುವ ಕಡತಗಳಲ್ಲಿ ಮುಚ್ಚುವ ಟ್ಯಾಗ್ ಬರೆಯಲೇಬೇಡಿ. ಬಿಒಎಂ ಇಲ್ಲದ ಯುಟಿಎಫ್-8 ಆಗಿ ಉಳಿಸಿ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ನಡೆದದ್ದಕ್ಕೆ ಪಿಎಚ್‌ಪಿ ಡಾಟ್ ಐಎನ್‌ಐ ಕಡತದ ‘ಔಟ್‌ಪುಟ್ ಬಫರಿಂಗ್’ ಕಾರಣವಿರಬಹುದು. ಪಿಎಚ್‌ಪಿ ಜೊತೆ ಬರುವ ಮಾದರಿ ಐಎನ್‌ಐ ಕಡತದಲ್ಲಿ ಅದು 4096 ಬೈಟ್. ಯಾವ ಕಡತವೂ ಇಲ್ಲದಿದ್ದರೆ 0. ಬಫರ್ ಇದ್ದಲ್ಲಿ ಮೊದಲ 4096 ಬೈಟ್‌ಗಳು ಒಳಗೇ ನಿಲ್ಲುವುದರಿಂದ ತಪ್ಪು ಮುಚ್ಚಿಹೋಗುತ್ತದೆ. ಕಲಿಯುವಾಗ ಅದನ್ನು 0 ಮಾಡಿಟ್ಟುಕೊಳ್ಳುವುದೇ ಲೇಸು.

ಪ್ರಶ್ನೆ: ಲಾಗ್‌ಔಟ್ ಪುಟದಲ್ಲಿ ಕುಕಿಯ ಅವಧಿಯನ್ನು ಹಿಂದಿನ ಸಮಯಕ್ಕೆ ಇಟ್ಟರೂ ಬ್ರೌಸರಿನಿಂದ ಅದು ಹೋಗುತ್ತಿಲ್ಲ. ಒಂದೇ ಹೆಸರಿನ ಎರಡು ಕುಕಿಗಳೂ ಕಾಣುತ್ತಿವೆ.
(ವೆಬ್ ಡೆವಲಪರ್, ಹುಬ್ಬಳ್ಳಿ)

ಉತ್ತರ: ಬ್ರೌಸರಿಗೆ ಕುಕಿಯ ಗುರುತು ಹೆಸರೊಂದೇ ಅಲ್ಲ; ಹೆಸರು, ಡೊಮೇನ್, ಪಾತ್ ಮೂರೂ ಸೇರಿ. ಮೂರರಲ್ಲಿ ಒಂದು ತಪ್ಪಿದರೂ ನೀವು ಅಳಿಸುತ್ತಿರುವುದು ಬೇರೆ ಯಾವುದನ್ನೋ.

ಸಾಮಾನ್ಯವಾಗಿ ಆಗುವುದು ಹೀಗೆ. ಲಾಗಿನ್ ಪುಟ ‘ಅಡ್ಮಿನ್’ ಫೋಲ್ಡರಿನೊಳಗಿದೆ, ಕುಕಿ ಇಡುವಾಗ ಪಾತ್ ಬರೆದಿಲ್ಲ. ಆಗ ಬ್ರೌಸರ್ ಆ ಪುಟದ ಫೋಲ್ಡರನ್ನೇ ಪಾತ್ ಎಂದು ಹಿಡಿಯುತ್ತದೆ: ‘/ಅಡ್ಮಿನ್’. ಲಾಗ್‌ಔಟ್ ಪುಟ ಹೊರಗಿನ ಮೂಲ ಫೋಲ್ಡರಿನಲ್ಲಿದೆ. ಅಲ್ಲಿಂದ ಹೋದ ಅಳಿಸುವ ಆದೇಶದ ಪಾತ್ ಬರೀ ‘/’. ಆ ಪಾತ್‌ನ ಕುಕಿಯೇ ಇಲ್ಲ. ಇದ್ದದ್ದು ಇದ್ದಲ್ಲೇ ಉಳಿಯಿತು. ಡೊಮೇನ್ ಕಥೆಯೂ ಇದೇ. ಡೊಮೇನ್ ಬರೆಯದಿದ್ದರೆ ಕುಕಿ ಕೊಟ್ಟ ಹೋಸ್ಟಿಗೆ ಮಾತ್ರ ಸೀಮಿತ. ಬರೆದರೆ ಅದರ ಎಲ್ಲ ಸಬ್‌ಡೊಮೇನ್‌ಗಳಿಗೂ ಹೋಗುತ್ತದೆ. ಇವೆರಡೂ ಬೇರೆ ಬೇರೆ ಕುಕಿಗಳು. ನೀವು ಕಂಡ ಜೋಡಿ ಹುಟ್ಟಿದ್ದು ಬಹುಶಃ ಇಲ್ಲೇ. ಎರಡೂ ಬಂದಾಗ ಪಿಎಚ್‌ಪಿ ಮೊದಲು ಸಿಕ್ಕಿದ್ದನ್ನು ಹಿಡಿದು ಎರಡನೆಯದನ್ನು ಬಿಡುತ್ತದೆ, ಮತ್ತು ಬ್ರೌಸರುಗಳು ಉದ್ದ ಪಾತ್‌ನದ್ದನ್ನು ಮೊದಲು ಕಳಿಸುತ್ತವೆ. ಹಾಗಾಗಿ ಹಳೆಯ ‘/ಅಡ್ಮಿನ್’ ಕುಕಿಯೇ ಗೆಲ್ಲುತ್ತಿರುತ್ತದೆ.

ಸರ್ವರ್ ಕಡೆಯಿಂದ ಇದನ್ನು ಪತ್ತೆಹಚ್ಚಲು ಹೋಗಬೇಡಿ. ಬ್ರೌಸರ್ ವಾಪಸ್ ಕಳಿಸುವುದು ಹೆಸರು ಮತ್ತು ವ್ಯಾಲ್ಯೂ ಮಾತ್ರ. ಪಾತ್, ಡೊಮೇನ್, ಅವಧಿ ಯಾವುದೂ ಬರುವುದಿಲ್ಲ. ಕ್ರೋಮ್‌ನಲ್ಲಿ ಎಫ್12 ಒತ್ತಿ, ಅಪ್ಲಿಕೇಶನ್ ಟ್ಯಾಬ್‌ನ ಕುಕೀಸ್ ಪಟ್ಟಿಯಲ್ಲಿ ಪಾತ್ ಮತ್ತು ಡೊಮೇನ್ ಕಾಲಂ ನೋಡಿ. ಅಲ್ಲಿ ಕಂಡದ್ದನ್ನೇ ಅಕ್ಷರಶಃ ಅಳಿಸುವ ಸಾಲಿನಲ್ಲೂ ಹಾಕಿ. ಇನ್ನು ಮುಂದೆ ಇಡುವ ಪ್ರತಿ ಕುಕಿಗೂ ಪಾತ್ ‘/’ ಎಂದು ಬರೆದುಬಿಟ್ಟರೆ ಅರ್ಧ ಜಗಳ ಮುಗಿಯುತ್ತದೆ.

ಹೆಡರನ್ನು ಕೈಯಿಂದ ಬರೆಯುವವರಿಗೆ ಇನ್ನೊಂದು ಗುಂಡಿ ಇದೆ. ಎಕ್ಸ್‌ಪೈರ್ಸ್ ದಿನಾಂಕ ಜಿಎಂಟಿಯಲ್ಲಿರಬೇಕು. ‘ಒಂದು ಗಂಟೆ ಹಿಂದೆ’ ಎಂದು ಭಾರತೀಯ ಕಾಲಮಾನದಲ್ಲಿ ಲೆಕ್ಕ ಹಾಕಿ, ಪಕ್ಕದಲ್ಲಿ ಜಿಎಂಟಿ ಎಂದು ಬರೆದರೆ ಅದು ನಿಜಕ್ಕೂ ನಾಲ್ಕೂವರೆ ಗಂಟೆ ಮುಂದಿನ ಸಮಯ, ಏಕೆಂದರೆ ನಮ್ಮ ಗಡಿಯಾರ ಜಿಎಂಟಿಗಿಂತ 5 ಗಂಟೆ 30 ನಿಮಿಷ ಮುಂದಿದೆ. ಕುಕಿ ಅಳಿಯದೆ ಆರಾಮಾಗಿ ಬದುಕುತ್ತದೆ. ಮ್ಯಾಕ್ಸ್-ಏಜ್ 0 ಎಂದು ಕೊಟ್ಟರೆ ಈ ಲೆಕ್ಕವೇ ಬೇಡ. ಎರಡೂ ಇದ್ದಾಗ ಮ್ಯಾಕ್ಸ್-ಏಜ್ ಮಾತೇ ನಡೆಯುವುದು. ಪಿಎಚ್‌ಪಿಯ ಸೆಟ್‌ಕುಕಿ ಯುನಿಕ್ಸ್ ಸಮಯವನ್ನು ತೆಗೆದುಕೊಂಡು ತಾನೇ ಜಿಎಂಟಿಗೆ ಬದಲಿಸುವುದರಿಂದ ಅಲ್ಲಿ ಈ ತೊಂದರೆ ಬರದು.

ಸೆಷನ್ (ಬಳಕೆದಾರರ ಮಾಹಿತಿಯನ್ನು ಸರ್ವರಿನಲ್ಲಿಟ್ಟು, ಅದರ ಗುರುತನ್ನು ಮಾತ್ರ ಕುಕಿಯಲ್ಲಿ ಕಳಿಸುವ ಏರ್ಪಾಡು) ಬಳಸುತ್ತಿದ್ದರೆ ನೆನಪಿಡಿ: ಸೆಷನ್ ಡಿಸ್ಟ್ರಾಯ್ ಅಳಿಸುವುದು ಸರ್ವರಿನಲ್ಲಿರುವ ಮಾಹಿತಿಯನ್ನು, ಬ್ರೌಸರಿನಲ್ಲಿರುವ ಕುಕಿಯನ್ನಲ್ಲ. ಸೆಷನ್ ಅರೇ ಖಾಲಿ ಮಾಡಿ, ಕುಕಿಗೆ ಅಳಿಸುವ ಆದೇಶ ಕೊಟ್ಟು, ಆಮೇಲೆ ಡಿಸ್ಟ್ರಾಯ್ ಮಾಡಿ.

ಪ್ರಶ್ನೆ: ನಾವು ಇಳಕಲ್ ಸೀರೆ ಮಾರುವ ಜಾಲತಾಣ ನಡೆಸುತ್ತೇವೆ. ಗ್ರಾಹಕರು ಹಣ ಕಟ್ಟಿ ಪೇಮೆಂಟ್ ಗೇಟ್‌ವೇಯಿಂದ ವಾಪಸ್ ಬಂದಾಗ ‘ದಯವಿಟ್ಟು ಲಾಗಿನ್ ಆಗಿ’ ಎಂದು ತೋರಿಸುತ್ತದೆ, ಕಾರ್ಟ್ ಖಾಲಿಯಾಗಿರುತ್ತದೆ. ಹಣ ಮಾತ್ರ ಕಡಿತವಾಗಿರುತ್ತದೆ. ಕೆಲವರಿಗೆ ಸರಿಯಾಗಿಯೇ ಆಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ತೊಂದರೆಯೇ ಇಲ್ಲ.
(ಬಾಗಲಕೋಟೆ ಜಿಲ್ಲೆಯ ಓದುಗರು)

ಉತ್ತರ: ಹಣದ ವಿಷಯವಾದ್ದರಿಂದ ವಿವರವಾಗಿಯೇ ಹೇಳುತ್ತೇವೆ.

ಗೇಟ್‌ವೇ ನಿಮ್ಮ ರಿಟರ್ನ್ ಪುಟಕ್ಕೆ ಗ್ರಾಹಕರ ಬ್ರೌಸರ್ ಮೂಲಕ ಪೋಸ್ಟ್ ಫಾರ್ಮ್ ಕಳಿಸುತ್ತಿದೆ. ಇದು ಬೇರೆ ಸೈಟಿನಿಂದ ಬರುವ ಪೋಸ್ಟ್ (ಪೋಸ್ಟ್ ಎಂದರೆ ಮಾಹಿತಿ ತುಂಬಿ ಕಳಿಸುವ ರಿಕ್ವೆಸ್ಟ್, ಗೆಟ್ ಎಂದರೆ ಪುಟ ಕೇಳುವ ರಿಕ್ವೆಸ್ಟ್). ಕುಕಿಯ ಸೇಮ್‌ಸೈಟ್ ಗುಣ (ಬೇರೆ ಸೈಟಿನಿಂದ ಬರುವ ರಿಕ್ವೆಸ್ಟಿನ ಜೊತೆ ಕುಕಿ ಹೋಗಬೇಕೇ ಎಂದು ಹೇಳುವುದು) ‘ಲ್ಯಾಕ್ಸ್’ ಇದ್ದರೆ, ಬೇರೆ ಸೈಟಿನ ಲಿಂಕ್ ಒತ್ತಿ ಬರುವ ಗೆಟ್ ರಿಕ್ವೆಸ್ಟಿನ ಜೊತೆ ಕುಕಿ ಬರುತ್ತದೆ, ಪೋಸ್ಟ್ ಜೊತೆ ಬರುವುದಿಲ್ಲ. 2020ರ ಫೆಬ್ರುವರಿಯಲ್ಲಿ ಬಂದ ಕ್ರೋಮ್ 80ರಿಂದ, ಸೇಮ್‌ಸೈಟ್ ಬರೆಯದ ಕುಕಿಗಳನ್ನೂ ಕ್ರೋಮ್ ಲ್ಯಾಕ್ಸ್ ಎಂದೇ ಎಣಿಸುತ್ತದೆ. ಫೈರ್‌ಫಾಕ್ಸ್ ತಾನಾಗಿ ಹಾಗೆ ಎಣಿಸುವುದಿಲ್ಲ. ನಿಮ್ಮ ಎರಡು ಬ್ರೌಸರುಗಳ ವ್ಯತ್ಯಾಸ ಇಷ್ಟೇ.

ಕ್ರೋಮ್‌ನಲ್ಲೂ ಕೆಲವರಿಗೆ ಸರಿಹೋಗುವುದೇಕೆ? ಸೇಮ್‌ಸೈಟ್ ಬರೆಯದೆ ಬಿಟ್ಟ ಕುಕಿಗೆ ಕ್ರೋಮ್ ಒಂದು ರಿಯಾಯಿತಿ ಕೊಟ್ಟಿದೆ: ಹುಟ್ಟಿ 2 ನಿಮಿಷ ಆಗುವವರೆಗೆ ಪೋಸ್ಟ್ ಜೊತೆಗೂ ಕಳಿಸುತ್ತದೆ. ಆಗಷ್ಟೇ ಲಾಗಿನ್ ಆಗಿ ಬೇಗ ಹಣ ಕಟ್ಟಿದವರು ಇದರೊಳಗೆ ಪಾರಾಗುತ್ತಾರೆ. ಒಟಿಪಿ ತಡವಾದವರು ಸಿಕ್ಕಿಬೀಳುತ್ತಾರೆ. ಪರೀಕ್ಷೆ ಮಾಡುವ ಡೆವಲಪರ್ ಯಾವಾಗಲೂ ಬೇಗಬೇಗ ಒತ್ತುವುದರಿಂದ ಅವರ ಮೇಜಿನ ಮೇಲೆ ಈ ದೋಷ ಕಾಣಿಸಿಕೊಳ್ಳುವುದೇ ಇಲ್ಲ. ಮೂರು ನಿಮಿಷ ಕಾದು ಹಣ ಕಟ್ಟಿ ನೋಡಿ.

ಇನ್ನೂ ಕೆಟ್ಟದ್ದು ಇದರ ಮುಂದಿನ ಹೆಜ್ಜೆ. ರಿಟರ್ನ್ ಪುಟದ ಮೊದಲ ಸಾಲಿನಲ್ಲೇ ಸೆಷನ್ ಸ್ಟಾರ್ಟ್ ಇರುತ್ತದೆ. ಕುಕಿ ಬಂದಿಲ್ಲವಾದ್ದರಿಂದ ಪಿಎಚ್‌ಪಿ ಹೊಸ ಸೆಷನ್ ತೆರೆದು, ಅದೇ ಹೆಸರಿನ ಹೊಸ ಕುಕಿ ಕಳಿಸುತ್ತದೆ. ಬ್ರೌಸರಿನಲ್ಲಿ ಭದ್ರವಾಗಿದ್ದ ಹಳೆಯ ಕುಕಿಯ ಮೇಲೆ ಇದು ಕುಳಿತುಕೊಳ್ಳುತ್ತದೆ. ಅಲ್ಲಿಗೆ ಲಾಗಿನ್ ಹೋಯಿತು, ಕಾರ್ಟೂ ಹೋಯಿತು. ಬ್ಯಾಕ್ ಒತ್ತಿದರೂ ಬಾರದು.

ಸರಿಪಡಿಸುವುದು ಹೀಗೆ. ರಿಟರ್ನ್ ಪುಟದಿಂದ ಸೆಷನ್ ಸ್ಟಾರ್ಟ್ ತೆಗೆಯಿರಿ. ಎಲ್ಲ ಪುಟಕ್ಕೂ ಸೇರುವ ಹೆಡರ್ ಕಡತದೊಳಗೆ ಅವಿತಿದೆಯೇ ಎಂದೂ ನೋಡಿ. ಆರ್ಡರ್ ಯಾರದ್ದು ಎಂಬುದನ್ನು ಸೆಷನ್‌ನಿಂದಲ್ಲ, ಗೇಟ್‌ವೇ ವಾಪಸ್ ಕೊಡುವ ಆರ್ಡರ್ ಸಂಖ್ಯೆಯಿಂದ ಡೇಟಾಬೇಸಿನಲ್ಲಿ ಹುಡುಕಿ. ಜೊತೆಗೆ ಬರುವ ಸಹಿಯನ್ನು ನಿಮ್ಮ ಗುಪ್ತ ಕೀಲಿಯಿಂದ ಮತ್ತೆ ಲೆಕ್ಕ ಹಾಕಿ ತಾಳೆ ನೋಡಿ. ಮೊತ್ತವನ್ನೂ ಡೇಟಾಬೇಸಿನ ಮೊತ್ತದೊಂದಿಗೆ ಹೋಲಿಸಿ. ಫಾರ್ಮಿನಲ್ಲಿ ‘ಸಕ್ಸೆಸ್’ ಎಂದು ಬಂತೆಂದು ನಂಬಿದರೆ ಯಾರು ಬೇಕಾದರೂ ಆ ಪದ ತುಂಬಿ ಸೀರೆ ತರಿಸಿಕೊಳ್ಳಬಹುದು. ಆರ್ಡರ್ ದಾಖಲಾದ ಮೇಲೆ 303 ಕೋಡ್ ಕೊಟ್ಟು ‘ಧನ್ಯವಾದ’ ಪುಟಕ್ಕೆ ಕಳಿಸಿ. 303 ಎಂದರೆ ಬ್ರೌಸರ್ ಮುಂದಿನದ್ದನ್ನು ಗೆಟ್ ಆಗಿ ಕೇಳುತ್ತದೆ, ಆಗ ಲ್ಯಾಕ್ಸ್ ಕುಕಿ ಬರುತ್ತದೆ, ಗ್ರಾಹಕರು ಲಾಗಿನ್ ಆಗಿಯೇ ಇರುತ್ತಾರೆ. ಬೇರೆ ಸೈಟಿನಿಂದ ಬರುವ ಯಾವ ರಿಕ್ವೆಸ್ಟಿಗೂ ಜೊತೆಯಾಗದ ‘ಸ್ಟ್ರಿಕ್ಟ್’ ಕುಕಿಯಾಗಿದ್ದರೆ ಇದೂ ಫಲಿಸದು. ಸೆಷನ್‌ಗೆ ಲ್ಯಾಕ್ಸ್ ಸಾಕು.

ಇಷ್ಟಾದರೂ ಬ್ರೌಸರ್ ವಾಪಸ್ ಬಂದೇ ಬರುತ್ತದೆ ಎಂಬ ಖಾತ್ರಿಯಿಲ್ಲ. ಯುಪಿಐ ಆ್ಯಪ್‌ನಲ್ಲಿ ಹಣ ಕಟ್ಟಿ ಬ್ರೌಸರ್ ಮುಚ್ಚುವವರು ಬಹಳ. ಗೇಟ್‌ವೇ ನೇರವಾಗಿ ನಿಮ್ಮ ಸರ್ವರಿಗೆ ಸುದ್ದಿ ಕೊಡುವ ವೆಬ್‌ಹುಕ್ ಅನ್ನು ತಪ್ಪದೆ ಹಾಕಿಸಿ. ಒಂದೇ ಪಾವತಿಯ ಸುದ್ದಿ ಎರಡು ದಾರಿಯಲ್ಲಿ ಬರಬಹುದು. ಆರ್ಡರ್ ಆಗಲೇ ‘ಪಾವತಿಯಾಗಿದೆ’ ಎಂದಿದ್ದರೆ ಎರಡನೆಯದನ್ನು ಸುಮ್ಮನೆ ಬಿಡಿ.

‘ಸೇಮ್‌ಸೈಟ್ ನನ್, ಸೆಕ್ಯೂರ್ ಎಂದು ಹಾಕಿದರೆ ಮುಗಿಯಿತು’ ಎಂಬ ಸಲಹೆ ನಿಮ್ಮ ಕಿವಿಗೂ ಬೀಳುತ್ತದೆ (ನನ್ ಎಂದರೆ ತಡೆಯೇ ಇಲ್ಲ, ಸೆಕ್ಯೂರ್ ಎಂದರೆ ಸುರಕ್ಷಿತ ಸಂಪರ್ಕದಲ್ಲಿ ಮಾತ್ರ ಕಳಿಸು). ಹಾಕಿದರೆ ಕುಕಿ ಬರುತ್ತದೆ ನಿಜ, ಜೊತೆಗೆ ಬೇರೆ ಸೈಟುಗಳು ನಿಮ್ಮ ಗ್ರಾಹಕರ ಹೆಸರಿನಲ್ಲಿ ಫಾರ್ಮ್ ಕಳಿಸುವ ದಾರಿಯೂ ಮತ್ತೆ ತೆರೆಯುತ್ತದೆ. ಪ್ರತಿ ಫಾರ್ಮಿಗೂ ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಿಮ್ಮ ಪುಟದಿಂದಲೇ ಬಂದದ್ದೆಂದು ತೋರಿಸುವ ಗುಪ್ತ ಗುರುತು) ಇಲ್ಲದಿದ್ದರೆ ಅದರ ತಂಟೆಗೆ ಹೋಗಬೇಡಿ.

ಪ್ರಶ್ನೆ: ಓದುಗರು ಆರಿಸಿದ ಲೇಖನಗಳ ಶೀರ್ಷಿಕೆಗಳನ್ನು ಕನ್ನಡದಲ್ಲೇ ಕುಕಿಯಲ್ಲಿಡುತ್ತಿದ್ದೇವೆ. ಹತ್ತಿಪ್ಪತ್ತು ಸೇರಿದ ಮೇಲೆ ಹೊಸದು ಉಳಿಯುವುದಿಲ್ಲ. ದೋಷ ಸಂದೇಶವೂ ಇಲ್ಲ.
(ಶಿವಮೊಗ್ಗ)

ಉತ್ತರ: ಜಾಗ ತುಂಬಿದೆ. ಒಂದು ಕುಕಿಗೆ ಬ್ರೌಸರುಗಳು ಕೊಡುವ ಜಾಗ ಸುಮಾರು 4096 ಬೈಟ್. ಕನ್ನಡದ ಪ್ರತಿ ಸಂಕೇತ ಯುಟಿಎಫ್-8ರಲ್ಲಿ 3 ಬೈಟ್. ಕುಕಿಗೆ ಹಾಕುವಾಗ ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿಗಳಾಗಿ ಬದಲಿಸಲಾಗುತ್ತದೆ, ಅಲ್ಲಿಗೆ 9 ಬೈಟ್. ‘ಕನ್ನಡ’ ಎಂಬ ಮೂರಕ್ಷರದಲ್ಲಿ ಒತ್ತಿನ ಹಲಂತವೂ ಸೇರಿ 5 ಸಂಕೇತಗಳಿವೆ. ಅದೊಂದೇ ಪದ 45 ಬೈಟ್ ನುಂಗುತ್ತದೆ. ಇಡೀ ಕುಕಿಯಲ್ಲಿ 450ರಷ್ಟು ಸಂಕೇತ ಹಿಡಿದರೆ ಹೆಚ್ಚು. ಮೀರಿದರೆ ಬ್ರೌಸರ್ ತುಂಡರಿಸುವುದಿಲ್ಲ, ಹೊಸ ಕುಕಿಯನ್ನೇ ಸದ್ದಿಲ್ಲದೆ ಬಿಟ್ಟುಬಿಡುತ್ತದೆ.

ಹಾಗೆಂದು ನಾಲ್ಕು ಕುಕಿಗಳಾಗಿ ಹಂಚಿದರೆ ಇನ್ನೊಂದು ಗೋಡೆಗೆ, ಅಂದರೆ ವೆಬ್ ಸರ್ವರ್ ತಂತ್ರಾಂಶದ ಮಿತಿಗೆ, ತಲೆ ಬಡಿಯುತ್ತದೆ. ಎಂಜಿನ್‌ಎಕ್ಸ್ ಒಂದು ಹೆಡರ್ ಸಾಲಿಗೆ ಮೂಲತಃ 8 ಕೆಬಿ ಕೊಡುತ್ತದೆ, ಅಪಾಚೆ 8190 ಬೈಟ್. ಎಲ್ಲ ಕುಕಿಗಳೂ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಬರುವುದರಿಂದ ಮಿತಿ ದಾಟಿದ ಕೂಡಲೇ 400 ದೋಷ. ಆ ಓದುಗರು ತಾವಾಗಿ ಕುಕಿ ಅಳಿಸುವವರೆಗೆ ನಿಮ್ಮ ಯಾವ ಪುಟವೂ ತೆರೆಯದು. ಶೀರ್ಷಿಕೆ ಬಿಡಿ, ಲೇಖನದ ಸಂಖ್ಯೆಗಳನ್ನು ಮಾತ್ರ ಇಡಿ. ಪಟ್ಟಿ ಬೆಳೆಯುವಂಥದ್ದಾದರೆ ಡೇಟಾಬೇಸಿನಲ್ಲಿಟ್ಟು ಕುಕಿಯಲ್ಲಿ ಒಂದು ಗುರುತು ಇಟ್ಟರೆ ಸಾಕು.

ಪ್ರಶ್ನೆ: ನೋಡ್ ಎಕ್ಸ್‌ಪ್ರೆಸ್‌ನಲ್ಲಿ ಕುಕಿಗೆ ಮ್ಯಾಕ್ಸ್‌ಏಜ್ 86400 ಕೊಟ್ಟರೂ ಒಂದೂವರೆ ನಿಮಿಷದಲ್ಲೇ ಮಾಯವಾಗುತ್ತದೆ. ಸೆಕ್ಯೂರ್ ಟ್ರೂ ಮಾಡಿದ ಮೇಲಂತೂ ಸರ್ವರಿನಲ್ಲಿ ಸೆಷನ್ ಕುಕಿ ಬರುವುದೇ ಇಲ್ಲ.
(ಮೈಸೂರು)

ಉತ್ತರ: ಹೆಡರಿನಲ್ಲಿ ಮ್ಯಾಕ್ಸ್-ಏಜ್ ಸೆಕೆಂಡುಗಳಲ್ಲಿ ಇರುತ್ತದೆ, ಎಕ್ಸ್‌ಪ್ರೆಸ್‌ನ ಮ್ಯಾಕ್ಸ್‌ಏಜ್ ಮಿಲಿಸೆಕೆಂಡುಗಳಲ್ಲಿ. ನೀವು ಕೇಳಿದ್ದು 86.4 ಸೆಕೆಂಡ್. ಒಂದು ದಿನಕ್ಕೆ 8,64,00,000 ಬೇಕು. 24 * 60 * 60 * 1000 ಎಂದು ಬಿಡಿಸಿಯೇ ಬರೆಯಿರಿ, ಓದುವವರಿಗೂ ಅನುಕೂಲ.

ಎರಡನೆಯದಕ್ಕೆ ಕಾರಣ ಮುಂದೆ ನಿಂತ ಎಂಜಿನ್‌ಎಕ್ಸ್ ಇರಬೇಕು. ಎಚ್‌ಟಿಟಿಪಿಎಸ್ ಅಲ್ಲಿಗೇ ಮುಗಿದು, ನೋಡ್‌ಗೆ ಬರುವುದು ಸಾದಾ ಎಚ್‌ಟಿಟಿಪಿ. ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಎಕ್ಸ್‌ಪ್ರೆಸ್-ಸೆಷನ್ ಕುಕಿಯನ್ನೇ ಕಳಿಸುವುದಿಲ್ಲ. ಎಂಜಿನ್‌ಎಕ್ಸ್‌ನಲ್ಲಿ ಎಕ್ಸ್-ಫಾರ್ವರ್ಡೆಡ್-ಪ್ರೋಟೊ ಹೆಡರ್ ಸೇರಿಸಿ, ಎಕ್ಸ್‌ಪ್ರೆಸ್‌ನಲ್ಲಿ ‘ಟ್ರಸ್ಟ್ ಪ್ರಾಕ್ಸಿ’ಯನ್ನು 1 ಮಾಡಿ. ಎರಡರಲ್ಲಿ ಒಂದನ್ನೇ ಮಾಡಿದರೆ ಪ್ರಯೋಜನವಿಲ್ಲ.

ಪ್ರಶ್ನೆ: ‘ನನ್ನನ್ನು ನೆನಪಿಡು’ ಸೌಲಭ್ಯಕ್ಕೆ ಕುಕಿಯಲ್ಲಿ ಯೂಸರ್ ಐಡಿ ಮತ್ತು ರೋಲ್ ಇಟ್ಟರೆ ತಪ್ಪೇ? ಸೆಷನ್ ಕುಕಿಗೇ 30 ದಿನ ಕೊಟ್ಟು ನೋಡಿದೆವು, ಆದರೂ ಅರ್ಧ ಗಂಟೆಯೊಳಗೆ ಲಾಗ್‌ಔಟ್ ಆಗುತ್ತದೆ.
(ಮಂಗಳೂರು)

ಉತ್ತರ: ತಪ್ಪೇ. ಎಫ್12 ಒತ್ತಿ ರೋಲ್ ಜಾಗದಲ್ಲಿ ಅಡ್ಮಿನ್ ಎಂದು ಟೈಪ್ ಮಾಡಲು ಅರ್ಧ ನಿಮಿಷ ಸಾಕು. ವಾಪಸ್ ಬಂದ ಕುಕಿ ನೀವು ಕೊಟ್ಟದ್ದೇ ಎಂಬುದಕ್ಕೆ ಅದರೊಳಗೆ ಯಾವ ಪುರಾವೆಯೂ ಇರುವುದಿಲ್ಲ. ಬೇಸ್64 ಮಾಡಿದರೆ ಅದು ವೇಷವೇ ಹೊರತು ಬೀಗವಲ್ಲ.

30 ದಿನದ ಲೆಕ್ಕ ತಪ್ಪಿದ್ದು ಏಕೆಂದರೆ, ನೀವು ಉದ್ದ ಮಾಡಿದ್ದು ಬ್ರೌಸರಿನಲ್ಲಿರುವ ಕುಕಿಯ ಆಯುಸ್ಸು. ಸರ್ವರಿನಲ್ಲಿರುವ ಸೆಷನ್ ಕಡತಕ್ಕೆ ಪಿಎಚ್‌ಪಿಯ ‘ಜಿಸಿ ಮ್ಯಾಕ್ಸ್‌ಲೈಫ್‌ಟೈಮ್’ ಮೂಲತಃ 1440 ಸೆಕೆಂಡ್, ಅಂದರೆ 24 ನಿಮಿಷ. ಅಷ್ಟು ಹೊತ್ತು ಮುಟ್ಟದ ಕಡತವನ್ನು ಗುಡಿಸಿ ಹಾಕಬಹುದು. ಶೇರ್ಡ್ ಹೋಸ್ಟಿಂಗ್‌ನಲ್ಲಿ ಎಲ್ಲರ ಸೆಷನ್ ಕಡತಗಳೂ ಒಂದೇ ಫೋಲ್ಡರಿನಲ್ಲಿದ್ದರೆ, ನೀವು ಅವಧಿ ಹೆಚ್ಚಿಸಿದರೂ ಪಕ್ಕದ ಸೈಟಿನ ಗುಡಿಸುವಿಕೆಗೆ ನಿಮ್ಮವೂ ಹೋಗುತ್ತವೆ. ‘ಸೇವ್ ಪಾತ್’ ಬೇರೆ ಮಾಡಿಕೊಳ್ಳಬೇಕು.

ಆದರೆ ಸೆಷನ್ ಅನ್ನು 30 ದಿನ ಎಳೆಯುವುದೇ ಬೇಡ. ಅದು ಚಿಕ್ಕದಾಗಿಯೇ ಇರಲಿ. ನೆನಪಿಗೆ ಬೇರೆ ಕುಕಿ ಮಾಡಿ. ರ್‍ಯಾಂಡಮ್ ಬೈಟ್ಸ್ ಫಂಕ್ಷನ್ನಿನಿಂದ 32 ಬೈಟ್‌ಗಳ ಟೋಕನ್ ಮತ್ತು ಅದನ್ನು ಹುಡುಕಲು ಇನ್ನೊಂದು ಚಿಕ್ಕ ಗುರುತು ತಯಾರಿಸಿ. ಎರಡೂ ಕುಕಿಯಲ್ಲಿರಲಿ. ಡೇಟಾಬೇಸಿನಲ್ಲಿ ಗುರುತು, ಟೋಕನ್ನಿನ ಎಸ್‌ಎಚ್‌ಎ-256 ಹ್ಯಾಶ್ (ಮೂಲಕ್ಕೆ ಮರಳಿ ಬಿಡಿಸಲಾಗದ ರೂಪ), ಯೂಸರ್ ಐಡಿ, ಕೊನೆಯ ದಿನಾಂಕ ಇಡಿ. ಟೋಕನ್ ಇದ್ದ ಹಾಗೇ ಇಟ್ಟರೆ ಡೇಟಾಬೇಸ್ ಸೋರಿದ ದಿನ ಎಲ್ಲರ ಲಾಗಿನ್ ಸೋರಿದಂತೆ. ಕುಕಿ ಬಂದಾಗ ಗುರುತಿನಿಂದ ಹುಡುಕಿ, ಹ್ಯಾಶ್ ಈಕ್ವಲ್ಸ್ ಫಂಕ್ಷನ್ನಿನಿಂದ ಹೋಲಿಸಿ, ಸರಿಯಿದ್ದರೆ ಸೆಷನ್ ಐಡಿ ಬದಲಿಸಿ ಲಾಗಿನ್ ಮಾಡಿಸಿ, ಹೊಸ ಟೋಕನ್ ಕೊಟ್ಟು ಹಳೆಯದನ್ನು ಅಳಿಸಿ. ಪಾಸ್‌ವರ್ಡ್ ಬದಲಿಸಿದಾಗ ಆ ಬಳಕೆದಾರರ ಎಲ್ಲ ಟೋಕನ್‌ಗಳೂ ಹೋಗಬೇಕು. ರೋಲ್ ಅನ್ನು ಯಾವಾಗಲೂ ಡೇಟಾಬೇಸಿನಿಂದಲೇ ಓದಿ.

ಎಚ್‌ಟಿಟಿಪಿಓನ್ಲಿ (ಪುಟದ ಜಾವಾಸ್ಕ್ರಿಪ್ಟ್ ಕುಕಿಯನ್ನು ಓದದಂತೆ), ಸೆಕ್ಯೂರ್, ಸೇಮ್‌ಸೈಟ್ ಲ್ಯಾಕ್ಸ್ ಮೂರೂ ಇರಲಿ. ಪಿಎಚ್‌ಪಿ 7.3ರಿಂದ ಸೆಟ್‌ಕುಕಿಗೆ ಆಯ್ಕೆಗಳ ಅರೇ ಕೊಟ್ಟು ಸೇಮ್‌ಸೈಟ್ ಬರೆಯಬಹುದು. ಅವಧಿಯನ್ನು ಹತ್ತು ವರ್ಷ ಎಂದು ಬರೆಯುವ ಹಳೆಯ ಚಟ ಬಿಡಿ. 2022ರಿಂದ ಕ್ರೋಮ್ ಯಾವ ಕುಕಿಯನ್ನೂ 400 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ.

ಪ್ರಶ್ನೆ: ಸಿಡಿಎನ್ (ಪುಟಗಳ ಪ್ರತಿಯನ್ನು ಕ್ಯಾಶ್‌ನಲ್ಲಿಟ್ಟು ಹಂಚುವ ಸೇವೆ) ಹಾಕಿದ ಮೇಲೆ ಒಬ್ಬರ ಖಾತೆ ಇನ್ನೊಬ್ಬರಿಗೆ ಕಾಣುತ್ತಿದೆ!
(ಕಲಬುರಗಿ)

ಉತ್ತರ: ಇದನ್ನು ಓದುತ್ತಿರುವಾಗಲೇ ಕ್ಯಾಶ್ ನಿಲ್ಲಿಸಿ. ಸೆಟ್-ಕುಕಿ ಸಾಲು ಸಹಿತ ಪುಟವೊಂದು ಸಿಡಿಎನ್‌ನಲ್ಲಿ ಉಳಿದು, ಮೊದಲು ಬಂದವರ ಸೆಷನ್ ಐಡಿಯನ್ನು ನಂತರದವರಿಗೆಲ್ಲ ಹಂಚುತ್ತಿರಬಹುದು; ಅಥವಾ ಲಾಗಿನ್ ಆದವರ ಪುಟವೇ ಉಳಿದಿರಬಹುದು. ಕ್ಯಾಶ್ ತೊಳೆದು, ಎಲ್ಲ ಸೆಷನ್‌ಗಳನ್ನೂ ರದ್ದು ಮಾಡಿ. ಆಮೇಲೆ ಕುಕಿ ಕೊಡುವ ಮತ್ತು ಲಾಗಿನ್ ಬೇಕಾದ ಪ್ರತಿ ರೆಸ್ಪಾನ್ಸಿಗೂ ಕ್ಯಾಶ್-ಕಂಟ್ರೋಲ್ ‘ನೋ-ಸ್ಟೋರ್’ ಹಾಕಿ. ಚಿತ್ರ, ಸಿಎಸ್‌ಎಸ್ ಕಡತಗಳಿಗೆ ಸೆಷನ್ ಶುರುವಾಗದಂತೆ ನೋಡಿಕೊಳ್ಳಿ.

ಪ್ರಶ್ನೆ: ಜರ್ಮನಿಯಲ್ಲಿ ನಮ್ಮ ಕನ್ನಡ ಸಂಘದ ಜಾಲತಾಣವಿದೆ. ಸದಸ್ಯರ ಲಾಗಿನ್, ಭಾಷೆಯ ಆಯ್ಕೆ, ಭೇಟಿ ಎಣಿಕೆ ಮೂರಕ್ಕೂ ಕುಕಿ ಇದೆ. ಒಪ್ಪಿಗೆ ಯಾವುದಕ್ಕೆ ಬೇಕು?
(ಸಂಘದ ಸ್ವಯಂಸೇವಕರು)

ಉತ್ತರ: ಲಾಗಿನ್‌ಗೆ ಬೇಡ; ಸದಸ್ಯರು ಕೇಳಿದ ಸೇವೆಗೆ ಅದು ಅನಿವಾರ್ಯ. ಸದಸ್ಯರು ತಾವೇ ಒತ್ತಿ ಆರಿಸಿದ ಭಾಷೆಯ ಕುಕಿಯನ್ನೂ ಸಾಮಾನ್ಯವಾಗಿ ಹಾಗೆಯೇ ನೋಡಲಾಗುತ್ತದೆ, ಅವಧಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಭೇಟಿ ಎಣಿಸುವ ಕುಕಿಗೆ ಮೊದಲೇ ಒಪ್ಪಿಗೆ ಪಡೆಯಿರಿ. ಅಲ್ಲಿಯ ದೂರಸಂಪರ್ಕ ಮತ್ತು ಡಿಜಿಟಲ್ ಸೇವೆಗಳ ದತ್ತಾಂಶ ರಕ್ಷಣೆಯ ಟಿಡಿಡಿಡಿಜಿ ಕಾನೂನಿನ 25ನೇ ಕಲಂ ಈ ವಿಷಯದ್ದು.

‘ಮೊದಲೇ’ ಎಂಬುದು ಕೋಡ್‌ನಲ್ಲೂ ಇರಬೇಕು. ಬ್ಯಾನರ್ ತೋರಿಸುತ್ತಾ ಹಿಂದಿನಿಂದ ಸೆಟ್-ಕುಕಿ ಕಳಿಸುವ ಸೈಟುಗಳೇ ಜಾಸ್ತಿ. ಒಪ್ಪಿದ ಗುರುತು ರಿಕ್ವೆಸ್ಟಿನಲ್ಲಿ ಬಂದಾಗ ಮಾತ್ರ ಎಣಿಕೆಯ ಕುಕಿ ಕಳಿಸುವಂತೆ ಷರತ್ತು ಬರೆಯಿರಿ. ಪರೀಕ್ಷಿಸಲು ಕಮಾಂಡ್ ಸಾಲಿನಿಂದ ಪುಟ ತರಿಸುವ ಕರ್ಲ್ ಸಾಕು: ಮೈನಸ್ ಐ ಆಯ್ಕೆ ಕೊಟ್ಟು ಮುಖಪುಟ ತರಿಸಿದರೆ ಹೆಡರ್‌ಗಳೆಲ್ಲ ಕಾಣುತ್ತವೆ, ಅದರಲ್ಲಿ ಎಣಿಕೆಯ ಹೆಸರು ಇರಬಾರದು. ಪುಟದಲ್ಲಿರುವ ಜಾವಾಸ್ಕ್ರಿಪ್ಟ್ ಇಡುವ ಕುಕಿ ಕರ್ಲ್‌ಗೆ ಕಾಣದು. ಅದಕ್ಕೆ ಬ್ರೌಸರಿನ ಖಾಸಗಿ ಕಿಟಕಿ ತೆರೆದು, ಬ್ಯಾನರಿನ ಯಾವ ಗುಂಡಿಯನ್ನೂ ಒತ್ತದೆ ಕುಕೀಸ್ ಪಟ್ಟಿ ನೋಡಿ. ಭಾರತದ ಸದಸ್ಯರಿಗೂ ಸೇವೆ ಕೊಡುವಿರಾದರೆ ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ನೋಡಿಕೊಳ್ಳಿ. ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕೆಂದು ಅದು ಹೇಳುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ, ನಿಮ್ಮ ಬ್ಯಾನರಿನ ಕನ್ನಡ ಪಠ್ಯ ಅಲ್ಲಿಗೂ ಆಗುತ್ತದೆ.